ಕಾಲುಸಂಕಕ್ಕೋಸ್ಕರ ಹೊಳೆ ಅಳೆದಿದ್ದು – ನನ್ನ ಅನುಭವ

ನಮ್ಮ ತೋಟದ ಬದಿಯ ಹೊಳೆ ಮುಂದೆ ಕುಮಾರಧಾರೆಗೆ ಸೇರ್ತದೆ, ಅದೇ ಪುಷ್ಪಗಿರಿ ಬೆಟ್ಟದಿಂದ ಇಳಿದು ಮಲ್ಲಳ್ಳಿಯಲ್ಲಿ ಧುಮುಕಿ ಸುಬ್ರಹ್ಮಣ್ಯ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರೋ ಕುಮಾರಧಾರೆ. ಕಾಲುಸಂಕ (ನಡೆದು ದಾಟೋ ಸಣ್ಣ ಸೇತುವೆ) ಎಷ್ಟು ಎತ್ತರಕ್ಕೆ ಹಾಕ್ಬೇಕು ಅಂತ ಗೊತ್ತಾಗ್ಲಿಕ್ಕೆ ಡಿಸೆಂಬರಲ್ಲಿ ಅಳೀಲಿಕ್ಕೆ ಇಳಿದೆ.

ಆವತ್ತು ನೀರಿನ ಅಗಲ 8 ಮೀಟರ್. ಅಡ್ಡ ಹಗ್ಗ ಕಟ್ಟಿ ಗುರುತು ಹಾಕಿದ ಬಿದಿರು ಊರಿ ಮೀಟರಿಗೊಂದು ಕಡೆ ಆಳ ನೋಡ್ದೆ, ಸರಾಸರಿ 30 ಸೆಂಟಿಮೀಟರ್ ಬಂತು. ವೇಗಕ್ಕೆ ಕಿತ್ತಳೆ ಹಣ್ಣು ಬಿಟ್ಟೆ, ಅದು ಅರ್ಧ ಮುಳುಗಿ ತೇಲ್ತದೆ ಗಾಳಿಗೆ ಓಡೋದಿಲ್ಲ. 20 ಮೀಟರಿಗೆ 40 ಸೆಕೆಂಡ್. ಮೇಲಿನ ನೀರು ಓಡೋಷ್ಟು ಅಡಿಯದ್ದು ಓಡಲ್ಲ, ಅದ್ಕೆ ವೇಗವನ್ನು 0.85ರಿಂದ ಗುಣಿಸ್ಬೇಕು, ಅಗಲ, ಆಳ, ವೇಗ ಎಲ್ಲಾ ಗುಣಿಸಿದ್ರೆ ಸೆಕೆಂಡಿಗೆ ಸುಮಾರು ಸಾವಿರ ಲೀಟರ್. ಇಷ್ಟಕ್ಕೇ ಪ್ಲಾನ್ ಬರೆದೂ ಆಯ್ತು, ಅಲ್ಲೇ ತಪ್ಪಿದ್ದು.

ಪಕ್ಕದ ತೋಟದ ಅಜ್ಜ ಬಂದು "ನೀರು ಬಿಡಿ ಮಾರಾಯ್ರೆ, ಮರ ನೋಡಿ" ಅಂದ್ರು. ನೋಡಿದ್ರೆ ನನ್ನ ತಲೆಗಿಂತ ಮೇಲೆ ಕೊಂಬೆಗಳಲ್ಲಿ ಕಸಕಡ್ಡಿ ಸಿಕ್ಕಿಕೊಂಡಿದೆ, ಆಟಿ ತಿಂಗಳ (ಜುಲೈ-ಆಗಸ್ಟ್) ನೆರೆಯದ್ದು! ದಡದಿಂದ ದಡಕ್ಕೆ ಅಳೆದ್ರೆ 31 ಮೀಟರ್, ಅಂದ್ರೆ ಹೊಳೆಯ ಪಾತ್ರ ಮಾಡಿದ್ದು ಡಿಸೆಂಬರ್ ನೀರಲ್ಲ.

ಆಮೇಲೆ ನೆರೆ ಎಂಥ ಕಲ್ಲು ಉರುಳಿಸ್ತದೆ ಅಂತ ತಿಳೀಲಿಕ್ಕೆ ಹೊಳೆಯ ಕಲ್ಲು ನೋಡ್ಲಿಕ್ಕೆ ಶುರು ಮಾಡ್ದೆ. ಹೆಜ್ಜೆಗೊಂದು ಸಲ ಕಣ್ಣು ಬೇರೆ ಕಡೆ ತಿರುಗಿಸಿ ಕಾಲ್ಬೆರಳ ತುದಿಗೆ ಸಿಕ್ಕಿದ ಕಲ್ಲನ್ನೇ ಎತ್ಬೇಕು (ಕಣ್ಣು ಬಿಟ್ರೆ ಕೈ ದೊಡ್ಡದಕ್ಕೇ ಹೋಗ್ತದೆ), ಉದ್ದನೂ ಅಲ್ಲ ದಪ್ಪನೂ ಅಲ್ಲ ಮಧ್ಯದ ಅಳತೆ ಬರ್ಕೊಳ್ಬೇಕು, ಹಾಗೆ ನೂರು ಕಲ್ಲು. ಚಪ್ಪಟೆ ಕಲ್ಲುಗಳೆಲ್ಲ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿರ್ತವೆ, ಎಲ್ಲದರ ಚಪ್ಪಟೆ ಮುಖ ನೀರು ಬರೋ ಕಡೆಗೇ ಇಳಿಜಾರು. ನೆರೆ ಉರುಳಿಸಿ ಹಾಗೆ ಜೋಡಿಸಿದ್ದು. ಮಳೆಗಾಲದ ರಾತ್ರಿ ಹೊಳೆಯೊಳಗಿಂದ ಗುಡುಗುಡು ಅಂತ ಕೇಳ್ತದಲ್ಲ, ಅದು ಈ ಕಲ್ಲುಗಳೇ ಡಿಕ್ಕಿ ಹೊಡೀತಾ ಹೋಗೋದು, ಚಿಕ್ಕವನಿದ್ದಾಗಿಂದ ಕೇಳಿದ್ರೂ ಯಾಕೆ ಅಂತ ಯೋಚ್ನೆ ಮಾಡಿರ್ಲಿಲ್ಲ.

ಹೊಳೆಯ ಇಳಿಜಾರು ಮೇಸ್ತ್ರಿಯ ಲೆವೆಲ್ ಪೈಪಲ್ಲಿ (ಮಟ್ಟ ನೋಡೋ ನೀರು ತುಂಬಿದ ಪೈಪು) ನೋಡ್ದೆ, 50 ಮೀಟರಿಗೆ 2 ಮೀಟರ್ ಇಳೀತದೆ. ಅದೂ ಒಂದೇ ಸಮ ಅಲ್ಲ, ದೊಡ್ಡ ಬಂಡೆಗಳ ಮೆಟ್ಟಿಲು, ಅದರ ಕೆಳಗೆ ಗುಂಡಿ, ಮತ್ತೆ ಮೆಟ್ಟಿಲು. ನೀರಿನ ರಭಸ ಆ ಗುಂಡಿಯಲ್ಲಿ ಸಾಯ್ತದೆ, ಹಾಗಾಗಿ ಸಂಕಕ್ಕೆ ಅಡ್ಡಿ ಅಂತ ಬಂಡೆ ಒಡೀಲಿಕ್ಕೆ ಹೋಗ್ಬೇಡಿ.

ಕೊನೆಗೆ ನೆರೆಯ ಕಲ್ಲು ಬಂದು ಹೊಡೀತವೆ, ನಡುವೆ ಕಂಬ ಬೇಡ ಅಂತ ಬಿಟ್ಟೆ. ಎರಡೂ ದಡದ ಗಟ್ಟಿ ಬಂಡೆಗೆ ಕಬ್ಬಿಣದ ಹಗ್ಗ ಬಿಗಿದು, ಹಲಗೆ ಆ ಕಸದ ಗುರುತಿಗಿಂತ ಒಂದೂವರೆ ಮೀಟರ್ ಮೇಲೆ ಹಾಕಿದ್ದೇವೆ.