ಐಎನ್-12 ನಿಕ್ಸಿ ಟ್ಯೂಬುಗಳಿಂದ ನಾಲ್ಕಂಕಿಯ ಗಡಿಯಾರ ಕಟ್ಟುವುದು

ಗಾಜಿನ ಬುರುಡೆಯೊಳಗೆ ನಿಯಾನ್ ಅನಿಲ. ಅದರಲ್ಲಿ 0ಯಿಂದ 9ರವರೆಗಿನ ಹತ್ತು ಅಂಕಿಗಳು ಲೋಹದಲ್ಲಿ ರೂಪುಗೊಂಡು ಒಂದರ ಹಿಂದೊಂದು ನಿಂತಿರುತ್ತವೆ. ಯಾವ ಅಂಕಿಯನ್ನು ಗ್ರೌಂಡ್‌ಗೆ ಸೇರಿಸುತ್ತೇವೋ ಅದರ ಮೈಗೆ ಕಿತ್ತಳೆ ಬೆಳಕು ಅಂಟಿಕೊಳ್ಳುತ್ತದೆ. ಇದೇ ನಿಕ್ಸಿ ಟ್ಯೂಬ್. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 1970ರ ದಶಕದಲ್ಲಿ ಎಲ್‌ಇಡಿ ಬಂದು ಇದನ್ನು ಮೂಲೆಗೆ ತಳ್ಳಿತು, ಆದರೆ ಸೋವಿಯತ್ ಒಕ್ಕೂಟದಲ್ಲಿ ತಯಾರಿಕೆ ಆಮೇಲೂ ಬಹುಕಾಲ ನಡೆಯಿತು. ಹಾಗಾಗಿ ಇಂದು ಹವ್ಯಾಸಿಗಳಿಗೆ ಸಿಗುವುದು ಹೆಚ್ಚಾಗಿ ಐಎನ್ ಸರಣಿಯ, ಗೋದಾಮುಗಳಲ್ಲಿ ಬಳಸದೇ ಉಳಿದ ಟ್ಯೂಬುಗಳು. ಆ ಸರಕು ಮುಗಿದರೆ ಮುಗಿಯಿತು. ಆದ್ದರಿಂದ ಇಲ್ಲಿನ ಪ್ರತಿ ಆಯ್ಕೆಯೂ ಟ್ಯೂಬು ಹೆಚ್ಚು ವರ್ಷ ಬಾಳಲಿ ಎಂಬ ಲೆಕ್ಕದ್ದು.

ಮೊದಲ ಗಡಿಯಾರಕ್ಕೆ ಐಎನ್-12 ಒಳ್ಳೆಯದು. ಅಂಕಿಯ ಎತ್ತರ 18 ಮಿಲಿಮೀಟರ್, ಓದುವುದು ಟ್ಯೂಬಿನ ನೆತ್ತಿಯ ಕಡೆಯಿಂದ. ಐಎನ್-14ಕ್ಕೆ ಇರುವುದು ತಂತಿ ಕಾಲುಗಳು, ಬೆಸುಗೆ ಹಾಕಲೇಬೇಕು. ಐಎನ್-12ಕ್ಕೆ ಗಟ್ಟಿ ಪಿನ್‌ಗಳಿವೆ. ಪಿಎಲ್31 ಎಂಬ ಸಾಕೆಟ್‌ನಲ್ಲಿ ಕೂತರೆ ಸಾಕು, ಟ್ಯೂಬಿಗೆ ಬಿಸಿ ತಾಗುವ ಪ್ರಶ್ನೆಯೇ ಇಲ್ಲ. ಇದರ 5 ಎಂದರೆ ತಲೆಕೆಳಗಾದ 2. ಅದನ್ನು ನೋಡಿ ಟ್ಯೂಬು ಕೆಟ್ಟಿದೆ ಎಂದುಕೊಳ್ಳಬೇಡಿ, ಎಲ್ಲ ಐಎನ್-12ಗಳೂ ಹಾಗೆಯೇ.

ಬೇಕಾಗುವ ಸಾಮಾನು

ಟ್ಯೂಬು ನಾಲ್ಕು ಸಾಲುವುದಾದರೂ ಆರು ಕೊಳ್ಳಿ. ಜೊತೆಗೆ ಸಾಕೆಟ್ 4, ಕೆ155ಐಡಿ1 ಡ್ರೈವರ್ ಐಸಿ 5, 74ಎಚ್‌ಸಿ595 ಶಿಫ್ಟ್ ರಿಜಿಸ್ಟರ್ (ಕೆಲವೇ ತಂತಿಗಳಲ್ಲಿ ಬಂದ ಬಿಟ್‌ಗಳನ್ನು ಹಲವು ತಂತಿಗಳಿಗೆ ಹಂಚುವ ಐಸಿ) 2, ಪ್ರೋಗ್ರಾಂ ನಡೆಸುವ ಪುಟ್ಟ ಬೋರ್ಡ್ ಆರ್ಡುಯಿನೊ ನ್ಯಾನೊ 1, ಸಮಯದ ಲೆಕ್ಕವಿಡುವ ಡಿಎಸ್3231 ಮಾಡ್ಯೂಲ್ 1, 15 ಕಿಲೋಓಮ್ ರೆಸಿಸ್ಟರ್ 4, ಎನ್‌ಇ-2 ನಿಯಾನ್ ದೀಪ 2, ಎಂಪಿಎಸ್‌ಎ42 ಟ್ರಾನ್ಸಿಸ್ಟರ್ 1, 7805 ರೆಗ್ಯುಲೇಟರ್, 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್. ಹೈ ವೋಲ್ಟೇಜ್ ಸರ್ಕ್ಯೂಟಿಗೆ ಎಂಸಿ34063 ಐಸಿ, ಐಆರ್‌ಎಫ್740 ಮಾಸ್‌ಫೆಟ್, 100 ಮೈಕ್ರೋಹೆನ್ರಿ ಕಾಯಿಲ್, ಯುಎಫ್4004 ಡಯೋಡ್, 4.7 ಮೈಕ್ರೋಫ್ಯಾರಡ್ 400 ವೋಲ್ಟ್ ಕೆಪಾಸಿಟರ್.

ಟ್ಯೂಬು ಮತ್ತು ಕೆ155ಐಡಿ1ಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವುದೇ ದಾರಿ. ಉಳಿದ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರಾಯಿತು. ಕಾಯಿಲ್ ಕೊಳ್ಳುವಾಗ ಹೆನ್ರಿ ಲೆಕ್ಕವನ್ನಷ್ಟೇ ಹೇಳಿ ಬರಬೇಡಿ. ಕನಿಷ್ಠ 2 ಆಂಪಿಯರ್ ತಾಳುವಂಥದ್ದು, ದಪ್ಪ ತಂತಿ ಸುತ್ತಿದ್ದು ಎಂದು ಕೇಳಿ. ರೆಸಿಸ್ಟರಿನಂತೆ ಕಾಣುವ ಪುಟ್ಟ ಕಾಯಿಲ್ ಇಲ್ಲಿ ನಡೆಯದು.

ಮೊದಲು 180 ವೋಲ್ಟ್

ಟ್ಯೂಬು ಹೊತ್ತಿಕೊಳ್ಳಲು ಸುಮಾರು 170 ವೋಲ್ಟ್ ಬೇಕು, ಹೊತ್ತಿದ ಮೇಲೆ ಅದರ ಮೇಲಿನ ವೋಲ್ಟೇಜ್ 140ರ ಆಸುಪಾಸಿಗೆ ಇಳಿಯುತ್ತದೆ. 12 ವೋಲ್ಟನ್ನು 180ಕ್ಕೆ ಏರಿಸುವ ಬೂಸ್ಟ್ ಸರ್ಕ್ಯೂಟನ್ನು ಪ್ರತ್ಯೇಕವಾಗಿ ಕಟ್ಟಿ, ಪರೀಕ್ಷಿಸಿ, ಆಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿ. ಮನೆಯ 230 ವೋಲ್ಟ್ ಲೈನಿನಿಂದ ನೇರವಾಗಿ ರೆಕ್ಟಿಫೈ ಮಾಡುವ ಅಡ್ಡದಾರಿ ಬೇಡವೇ ಬೇಡ. ಹಾಗೆ ಮಾಡಿದರೆ ಇಡೀ ಸರ್ಕ್ಯೂಟ್ ಮೇನ್ಸಿಗೆ ಅಂಟಿಕೊಂಡಿರುತ್ತದೆ.

ಎಂಸಿ34063ರ 6ನೇ ಪಿನ್ನಿಗೆ 12 ವೋಲ್ಟ್, 4ನೇ ಪಿನ್ ಗ್ರೌಂಡ್. 6 ಮತ್ತು 7ರ ನಡುವೆ 0.22 ಓಮ್, ಕಾಯಿಲ್‌ನ ಒಂದು ತುದಿ 7ನೇ ಪಿನ್ನಿಗೆ, ಇನ್ನೊಂದು ಮಾಸ್‌ಫೆಟ್‌ನ ಡ್ರೇನ್‌ಗೆ. ಈ ರೆಸಿಸ್ಟರ್ ಕಾಯಿಲ್‌ನ ಕರೆಂಟನ್ನು ಸುಮಾರು 1.4 ಆಂಪಿಯರ್‌ಗೆ ಕಟ್ಟಿಹಾಕುತ್ತದೆ. 3ನೇ ಪಿನ್ನಿನಿಂದ ಗ್ರೌಂಡಿಗೆ 1 ನ್ಯಾನೋಫ್ಯಾರಡ್. 1 ಮತ್ತು 8ನೇ ಪಿನ್‌ಗಳು 12 ವೋಲ್ಟಿಗೆ. ಡ್ರೇನಿನಿಂದ ಯುಎಫ್4004 ಮೂಲಕ ಔಟ್‌ಪುಟ್ ಕೆಪಾಸಿಟರ್‌ಗೆ. ಇನ್‌ಪುಟ್ ಕಡೆ 470 ಮೈಕ್ರೋಫ್ಯಾರಡ್ ಇರಲಿ.

ಮಾಸ್‌ಫೆಟ್ಟನ್ನು ಆನ್-ಆಫ್ ಮಾಡುವ ಕಾಲು ಗೇಟ್; ಆ ಭಾಗದಲ್ಲಿ ಬಹಳ ಮಂದಿ ಎಡವುತ್ತಾರೆ. ಈ ಐಸಿಯ 2ನೇ ಪಿನ್ ಗೇಟನ್ನು ಮೇಲಕ್ಕೆ ಎಳೆಯಬಲ್ಲದು, ಕೆಳಕ್ಕೆ ಎಳೆಯಲಾರದು. ಬರೀ 1 ಕಿಲೋಓಮ್ ಹಾಕಿ ಬಿಟ್ಟರೆ ಮಾಸ್‌ಫೆಟ್ ನಿಧಾನಕ್ಕೆ ಆಫ್ ಆಗುತ್ತದೆ, ಆ ನಿಧಾನವೆಲ್ಲ ಬಿಸಿಯಾಗಿ ಹೊರಬರುತ್ತದೆ. ಪರಿಹಾರ ಅಗ್ಗದ್ದು: 2ನೇ ಪಿನ್ನಿನಿಂದ ಗೇಟಿಗೆ 1ಎನ್4148 ಡಯೋಡ್, ಕ್ಯಾಥೋಡ್ ಗೇಟಿನ ಕಡೆಗೆ. ಬಿಸಿ327ರ ಎಮಿಟರ್ ಗೇಟಿಗೆ, ಬೇಸ್ 2ನೇ ಪಿನ್ನಿಗೆ, ಕಲೆಕ್ಟರ್ ಗ್ರೌಂಡಿಗೆ. 2ನೇ ಪಿನ್ನಿನಿಂದ ಗ್ರೌಂಡಿಗೆ 1 ಕಿಲೋಓಮ್.

ಔಟ್‌ಪುಟ್‌ನಿಂದ 5ನೇ ಪಿನ್ನಿಗೆ 680 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 4.7 ಕಿಲೋಓಮ್. ಐಸಿಯ ರೆಫರೆನ್ಸ್ 1.25 ವೋಲ್ಟ್ ಆದ್ದರಿಂದ ಲೆಕ್ಕಕ್ಕೆ 182 ವೋಲ್ಟ್ ಬರುತ್ತದೆ. ಈ ಎರಡು ರೆಸಿಸ್ಟರ್‌ಗಳನ್ನು ಎಲ್ಲಕ್ಕಿಂತ ಮೊದಲೇ ಬೆಸೆದು, ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ. 680 ಕಿಲೋಓಮ್‌ನ ಕಾಲು ಬಿಟ್ಟಿದ್ದರೆ ಐಸಿಗೆ ಔಟ್‌ಪುಟ್ ಸೊನ್ನೆಯೆಂದೇ ಕಾಣುತ್ತದೆ. ಅದು ವೋಲ್ಟೇಜನ್ನು ಏರಿಸುತ್ತಲೇ ಹೋಗಿ ಕೊನೆಗೆ ಮಾಸ್‌ಫೆಟ್ ಇಲ್ಲವೇ ಕೆಪಾಸಿಟರ್ ಸಾಯುತ್ತದೆ.

ಇದನ್ನು ಬ್ರೆಡ್‌ಬೋರ್ಡ್ ಮೇಲೆ ಕಟ್ಟಬೇಡಿ. ಅದರ ಸಡಿಲ ಸ್ಪ್ರಿಂಗ್‌ಗಳು ಆಂಪಿಯರ್‌ಗಟ್ಟಲೆ ಏರಿಳಿಯುವ ಕರೆಂಟಿಗೆ ಆಗಿಬರುವುದಿಲ್ಲ. ಪರ್ಫ್‌ಬೋರ್ಡ್ ಮೇಲೆ ಕಾಯಿಲ್, ಮಾಸ್‌ಫೆಟ್, ಡಯೋಡ್ ಒಂದಕ್ಕೊಂದು ತಾಗುವಷ್ಟು ಹತ್ತಿರ ಇರಲಿ, ಗ್ರೌಂಡ್ ತಂತಿ ದಪ್ಪಗಿರಲಿ.

ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಫೀಡ್‌ಬ್ಯಾಕ್ ರೆಸಿಸ್ಟರ್‌ಗಳ ಮೂಲಕ ಅದು ಬರಿದಾಗಲು ಹದಿನೈದು ಸೆಕೆಂಡಾದರೂ ಬೇಕು. ಅರ್ಧ ನಿಮಿಷ ಕಾಯಿರಿ, ಮೀಟರಿನಲ್ಲಿ ಅಳೆಯಿರಿ, ಆಮೇಲೆ ಮುಟ್ಟಿ. ಆನ್ ಇರುವಾಗ ಅಳೆಯಬೇಕಾದರೆ ಕಪ್ಪು ಪ್ರೋಬನ್ನು ಕ್ಲಿಪ್ಪಿನಿಂದ ಗ್ರೌಂಡಿಗೆ ಕಚ್ಚಿಸಿ, ಒಂದೇ ಕೈಯಿಂದ ಕೆಲಸ ಮಾಡಿ.

ಟ್ಯೂಬು ಮತ್ತು ಡ್ರೈವರ್

ಐಎನ್-12ರ 1ನೇ ಪಿನ್ ಆನೋಡ್ (ಪ್ಲಸ್ ತುದಿ), 2ನೇ ಪಿನ್ ಸೊನ್ನೆ. ಅಲ್ಲಿಂದ ಕ್ರಮವಾಗಿ 3ನೇ ಪಿನ್ 9, 4ನೇ ಪಿನ್ 8 ಎಂದು ಇಳಿಯುತ್ತ 11ನೇ ಪಿನ್ನಿಗೆ 1 ಬರುತ್ತದೆ. ಆನೋಡಿಗೆ 15 ಕಿಲೋಓಮ್ ಮೂಲಕ 180 ವೋಲ್ಟ್ ಕೊಟ್ಟು, ಒಂದೊಂದೇ ಅಂಕಿಯ ಪಿನ್ನನ್ನು ಗ್ರೌಂಡಿಗೆ ಸೇರಿಸಿ ನೋಡಿ. ಪಿನ್ ಬದಲಿಸುವಾಗಲೆಲ್ಲ ಪವರ್ ಆಫ್ ಇರಲಿ. ಅಂಕಿಯ ಬದಲು ಒಳಗಿನ ಜಾಲರಿ ಹೊಳೆದರೆ ಪ್ಲಸ್ ಮೈನಸ್ ಅದಲುಬದಲಾಗಿದೆ. ಕಿತ್ತಳೆಯ ಬದಲು ನೇರಳೆ ಬೆಳಕು ಬುರುಡೆಯ ತುಂಬ ಹರಡಿದರೆ ಗಾಜಿನೊಳಗೆ ಗಾಳಿ ನುಗ್ಗಿದೆ. ಆ ಟ್ಯೂಬಿಗೆ ಮದ್ದಿಲ್ಲ.

180ರಲ್ಲಿ 140 ಕಳೆದು 15 ಕಿಲೋಓಮ್‌ನಿಂದ ಭಾಗಿಸಿದರೆ ಸುಮಾರು 2.7 ಮಿಲಿಆಂಪಿಯರ್. ಹೊಳಪು ಹೆಚ್ಚಲೆಂದು ರೆಸಿಸ್ಟರ್ ಇಳಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಕರೆಂಟ್ ಏರಿದಷ್ಟೂ ಹೊಳೆಯುವ ಅಂಕಿಯ ಲೋಹ ಬೇಗ ಸವೆಯುತ್ತದೆ.

ಕೆ155ಐಡಿ1 ಎಂಬುದು ಪಶ್ಚಿಮದ 74141ರ ಸೋವಿಯತ್ ಜೋಡಿ. ಬೈನರಿಯಲ್ಲಿ ಅಂಕಿ ಕೊಟ್ಟರೆ ಹತ್ತರಲ್ಲಿ ಒಂದು ತಂತಿಯನ್ನು ಗ್ರೌಂಡಿಗೆ ಎಳೆಯುತ್ತದೆ. 5ನೇ ಪಿನ್ 5 ವೋಲ್ಟ್, 12 ಗ್ರೌಂಡ್. ಇನ್‌ಪುಟ್‌ಗಳು ಚಿಕ್ಕ ಬಿಟ್‌ನಿಂದ ಶುರುವಾಗಿ 3, 6, 7, 4. ಔಟ್‌ಪುಟ್‌ಗಳು 0ಯಿಂದ 9ರ ಕ್ರಮದಲ್ಲಿ 16, 15, 8, 9, 13, 14, 11, 10, 1, 2. ಸೋವಿಯತ್ ಐಸಿಗಳ ಕಾಲುಗಳ ಅಂತರ 2.54 ಅಲ್ಲ, 2.5 ಮಿಲಿಮೀಟರ್. 16 ಕಾಲಿನ ಐಸಿಯಲ್ಲಿ ಈ ವ್ಯತ್ಯಾಸ ಒಟ್ಟು 0.28 ಮಿಲಿಮೀಟರ್ ಆದ್ದರಿಂದ ಸಾಮಾನ್ಯ ಸಾಕೆಟ್‌ನಲ್ಲೇ ಕೂರುತ್ತದೆ. ಕಾಲುಗಳು ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ.

ನಾಲ್ಕೂ ಡ್ರೈವರ್ ಸೇರಿ 5 ವೋಲ್ಟಿನಲ್ಲಿ 100 ಮಿಲಿಆಂಪಿಯರ್‌ವರೆಗೆ ಹೀರುತ್ತವೆ. ನ್ಯಾನೊ ಬೋರ್ಡಿನ ಪುಟ್ಟ ರೆಗ್ಯುಲೇಟರಿನ ಮೇಲೆ ಈ ಭಾರ ಹೇರಬೇಡಿ. ಬೇರೆ 7805 ಹಾಕಿ, ಅದಕ್ಕೊಂದು ಹೀಟ್‌ಸಿಂಕ್ ಕೊಡಿ.

ಗಂಟೆ ಮತ್ತು ನಿಮಿಷದ ನಡುವಿನ ಚುಕ್ಕಿಗಳಿಗೆ ಎನ್‌ಇ-2 ದೀಪಗಳು. ಒಂದೊಂದಕ್ಕೂ ಪ್ರತ್ಯೇಕ 220 ಕಿಲೋಓಮ್, ಎರಡರ ಕೆಳತುದಿಯೂ ಎಂಪಿಎಸ್‌ಎ42ರ ಕಲೆಕ್ಟರ್‌ಗೆ, ಬೇಸಿಗೆ ನ್ಯಾನೊದಿಂದ 33 ಕಿಲೋಓಮ್.

ಎಂದೂ ಉರಿಯದ ಅಂಕಿಗಳ ಕತೆ

ಗಂಟೆಯ ಹತ್ತರ ಸ್ಥಾನಕ್ಕೆ 0, 1, 2 ಮಾತ್ರ ಬೇಕು, ಅಂದರೆ ಎರಡು ತಂತಿ ಸಾಕು; ನಿಮಿಷದ ಹತ್ತರ ಸ್ಥಾನಕ್ಕೆ ಮೂರು. ಒಟ್ಟು 13 ತಂತಿಯಲ್ಲಿ ಮುಗಿಸಿ ಶಿಫ್ಟ್ ರಿಜಿಸ್ಟರ್ ಉಳಿಸಬಹುದು ಎನ್ನಿಸುತ್ತದೆ. ಈ ಉಳಿತಾಯ ಟ್ಯೂಬಿಗೆ ಮುಳುವು. ಹೊಳೆಯುವ ಅಂಕಿಯಿಂದ ಸಿಡಿದ ಲೋಹದ ಕಣಗಳು ಪಕ್ಕದ, ಉರಿಯದ ಅಂಕಿಗಳ ಮೇಲೆ ಪದರಗಟ್ಟುತ್ತವೆ. ತಿಂಗಳುಗಟ್ಟಲೆ ಹೀಗಾದರೆ ಆ ಅಂಕಿಗಳು ತುಂಡುತುಂಡಾಗಿ ಹೊಳೆಯತೊಡಗುತ್ತವೆ. ಇದಕ್ಕೆ ಕ್ಯಾಥೋಡ್ ಪಾಯ್ಸನಿಂಗ್ ಎನ್ನುತ್ತಾರೆ. ಎಲ್ಲ ಟ್ಯೂಬುಗಳಲ್ಲೂ ಹತ್ತೂ ಅಂಕಿಗಳನ್ನು ಆಗಾಗ ಉರಿಸುವುದೇ ತಡೆ. ಅದಕ್ಕೆ 16 ತಂತಿಯೂ ಬೇಕು, ಹಾಗಾಗಿಯೇ ಎರಡು 74ಎಚ್‌ಸಿ595.

ಪ್ರೋಗ್ರಾಂ ಸರಳ: ಡಿಎಸ್3231ನಿಂದ ಸಮಯ ಓದಿ, ನಾಲ್ಕು ಅಂಕಿಗಳನ್ನು ನಾಲ್ಕು ನಾಲ್ಕು ಬಿಟ್‌ಗಳಾಗಿ ಕಳಿಸುವುದು. ಅದಕ್ಕೆ ಎರಡು ಕೆಲಸ ಸೇರಿಸಿ. ರಾತ್ರಿ 2ರಿಂದ 3ರವರೆಗೆ ಪ್ರತಿ ಟ್ಯೂಬಿನಲ್ಲೂ ಪ್ರತಿ ಅಂಕಿ 6 ನಿಮಿಷ ಉರಿಯಲಿ. ರಾತ್ರಿಯ ಉಳಿದ ಹೊತ್ತು ಟ್ಯೂಬು ಆರಿರಲಿ. ಡ್ರೈವರಿಗೆ 15 ಕಳಿಸಿದರೆ ಯಾವ ಅಂಕಿಯೂ ಹೊತ್ತದು.

ಡಿಎಸ್3231ರ ತಪ್ಪು 0ಯಿಂದ 40 ಡಿಗ್ರಿವರೆಗೆ 2 ಪಿಪಿಎಂ (ಹತ್ತು ಲಕ್ಷಕ್ಕೆ 2), ಅಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ. ಹಳೆಯ ಪದ್ಧತಿಯಂತೆ 7490 ಕೌಂಟರ್‌ಗಳಿಂದ ಮೇನ್ಸಿನ 50 ಹರ್ಟ್ಜ್ ಎಣಿಸುವವರೂ ಇದ್ದಾರೆ. ಅದು ಚಂದದ ಕೆಲಸವೇ, ಆದರೆ ಫ್ರೀಕ್ವೆನ್ಸಿ ದಿನವಿಡೀ 49.95ರಲ್ಲಿ ನಿಂತರೆ ಗಡಿಯಾರ 86 ಸೆಕೆಂಡ್ ಹಿಂದೆ ಬೀಳುತ್ತದೆ, ಕರೆಂಟ್ ಹೋದರೆ ಎಲ್ಲ ಮೊದಲಿನಿಂದ. ಅಗ್ಗದ ಡಿಎಸ್3231 ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ರೆಸಿಸ್ಟರ್ ಮತ್ತು ಡಯೋಡ್ ಇರುತ್ತವೆ. ಸಾಮಾನ್ಯ ಸಿಆರ್2032 ಸೆಲ್ ಹಾಕುವುದಾದರೆ ಆ ರೆಸಿಸ್ಟರನ್ನು ಕಿತ್ತುಹಾಕಿ. ರೀಚಾರ್ಜ್ ಆಗದ ಸೆಲ್ಲಿಗೆ ಚಾರ್ಜ್ ಹೋದರೆ ಉಬ್ಬಿ ಒಡೆಯಬಹುದು.

ಕೈಕೊಟ್ಟಾಗ

ಔಟ್‌ಪುಟ್ 11-12 ವೋಲ್ಟಿನಲ್ಲೇ ನಿಂತಿದ್ದರೆ ಮಾಸ್‌ಫೆಟ್ ಸ್ವಿಚ್ ಆಗುತ್ತಿಲ್ಲ. ಬರುತ್ತಿರುವುದು ಕಾಯಿಲ್ ಮತ್ತು ಡಯೋಡ್ ಹಾಯ್ದು ಬಂದ ಇನ್‌ಪುಟ್ ಅಷ್ಟೇ. 3ನೇ ಪಿನ್ನಿನ ಕೆಪಾಸಿಟರ್, 2ನೇ ಪಿನ್ನಿನ ಬೆಸುಗೆ ನೋಡಿ. ಟ್ಯೂಬಿಲ್ಲದೆ 182 ತೋರಿಸಿ, ಟ್ಯೂಬು ಹಾಕಿದೊಡನೆ ಕುಸಿದರೆ ಕಾಯಿಲ್ ಸ್ಯಾಚುರೇಟ್ ಆಗುತ್ತಿದೆ (ಆ ಕರೆಂಟನ್ನು ಅದು ತಾಳುತ್ತಿಲ್ಲ) ಅಥವಾ ಯುಎಫ್4004 ಬದಲು 1ಎನ್4007 ಹಾಕಿದ್ದೀರಿ. 1ಎನ್4007 ಇಷ್ಟು ವೇಗಕ್ಕೆ ತೀರ ನಿಧಾನ. ಅದು ಸುಡುವಷ್ಟು ಬಿಸಿಯಾಗಿರುವುದೇ ಗುರುತು.

ಟ್ಯೂಬು ಪೂರ್ತಿ ಕತ್ತಲಾಗಿದ್ದರೆ ಟ್ಯೂಬನ್ನು ದೂರುವ ಮುಂಚೆ ಡ್ರೈವರಿನ ಇನ್‌ಪುಟ್ ತಂತಿ ನೋಡಿ. ತಂತಿ ಬಿಟ್ಟಿದ್ದರೆ ಟಿಟಿಎಲ್ ಎಂಬ ಈ ಬಗೆಯ ಐಸಿಯ ಇನ್‌ಪುಟ್ ಅದನ್ನು 1 ಎಂದೇ ಓದುತ್ತದೆ. ನಾಲ್ಕೂ ಬಿಟ್ಟಿದ್ದರೆ 15, ಅಂದರೆ ಕತ್ತಲು. ಎರಡು ಅಂಕಿ ಒಟ್ಟಿಗೆ ಮಬ್ಬಾಗಿ ಹೊಳೆದರೆ ಔಟ್‌ಪುಟ್ ಪಿನ್‌ಗಳ ನಡುವೆ ಸೀಸದ ಸೇತುವೆಯನ್ನೋ ಉಳಿದ ಫ್ಲಕ್ಸನ್ನೋ ಹುಡುಕಿ. ಕರಾವಳಿಯ ತೇವದಲ್ಲಿ ಕೊಳೆ ಫ್ಲಕ್ಸ್ 180 ವೋಲ್ಟಿಗೆ ದಾರಿ ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ ಅದ್ದಿ ತೊಳೆದು, ಒಣಗಿಸಿ, ಬೋರ್ಡಿಗೆ ವಾರ್ನಿಶ್ ಹೊಡೆಯಿರಿ.

ಒಂದು ಅಂಕಿಯ ತುದಿ ಮಾತ್ರ ಹೊತ್ತದಿದ್ದರೆ ರೆಸಿಸ್ಟರನ್ನು ತಾತ್ಕಾಲಿಕವಾಗಿ 12 ಕಿಲೋಓಮ್ ಮಾಡಿ, ಆ ಅಂಕಿಯೊಂದನ್ನೇ ಕೆಲವು ಗಂಟೆ ಉರಿಸಿ. ಪದರ ತೆಳುವಾಗಿದ್ದರೆ ಕಳಚಿಕೊಳ್ಳುತ್ತದೆ. ಸರಿಹೋದ ಕೂಡಲೇ ಮತ್ತೆ 15 ಕಿಲೋಓಮ್.

ಪೆಟ್ಟಿಗೆಗೆ ಹಲಸಿನ ಮರ ಬಲು ಒಪ್ಪುತ್ತದೆ, ಅದರ ಹಳದಿಗೂ ನಿಯಾನಿನ ಕಿತ್ತಳೆಗೂ ಚೆನ್ನಾಗಿ ಹೊಂದುತ್ತದೆ. ಹಿಂಬದಿಯಲ್ಲಿ ಗಾಳಿಯಾಡಲು ಕಿಂಡಿ ಬಿಡಿ, ಆದರೆ ಮಕ್ಕಳ ಬೆರಳು ತೂರದಷ್ಟು ಸಣ್ಣದಿರಲಿ. ಟ್ಯೂಬು ಹಾಕುವಾಗ ಗಾಜನ್ನು ಹಿಡಿದು ಅಲ್ಲಾಡಿಸದೆ, ನೆಟ್ಟಗೆ ಒತ್ತಿ ಕೂರಿಸಿ. ಪಿನ್ ಗಾಜಿಗೆ ಸೇರುವಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟರೂ ಗಾಳಿ ಒಳಹೋಗುತ್ತದೆ.