ಕಿಟಕಿ ಎರಡಡಿ ಜರುಗಿಸಿದ ಲೆಕ್ಕ

ನನ್ನ ಲೆಕ್ಕದ ಪುಸ್ತಕದ 71ನೇ ಪುಟದಲ್ಲಿ ಒಂದು ಸಾಲಿದೆ: ‘4ನೇ ಮನೆ, ಅಡುಗೆಮನೆ ಕಿಟಕಿ ಎರಡಡಿ ಎಡಕ್ಕೆ. 23,400 ರೂಪಾಯಿ.’ ಆ ನಾಲ್ಕನೇ ಮನೆ ನನ್ನದೇ. ಬೆಳಗಿನ ಬಿಸಿಲು ಸಿಂಕಿನ ಮೇಲೆ ಬೀಳಬೇಕು ಅಂತ ನನಗೆ ಆಸೆ. ಅದು ಹೊಳೆದದ್ದು ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಕಿಟಕಿಯ ಮೇಲಿನ ತೊಲೆಯ ಮಟ್ಟಕ್ಕೆ, ಬಂದ ಮೇಲೆ. ಎಂಟು ಮನೆಯವರಿಗೆ ‘ಖರ್ಚು ನೋಡಿಕೊಂಡು ಮಾಡಿ’ ಅಂತ ದಿನಾ ಹೇಳುತ್ತಿದ್ದವಳು ನಾನೇ, ಆ ಸಾಲು ಬರೆದವಳೂ ನಾನೇ.

ಮೈಸೂರಿನಿಂದ ಎಚ್.ಡಿ. ಕೋಟೆ ರಸ್ತೆಯಲ್ಲಿ ಜಯಪುರ ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮ ಒಂದೂವರೆ ಎಕರೆ. ಎಂಟು ಮನೆ, ಮಧ್ಯೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ. ಇಂಗ್ಲಿಷಿನಲ್ಲಿ ಇದಕ್ಕೆ ಕೋಹೌಸಿಂಗ್ ಅನ್ನುತ್ತಾರೆ. 1972ರಲ್ಲಿ ಡೆನ್ಮಾರ್ಕಿನಲ್ಲಿ ಮೊದಲು ಕಟ್ಟಿದರಂತೆ. ವಠಾರದಲ್ಲಿ ಬೆಳೆದ ನಮಗೆ ಇದೇನು ಅಷ್ಟು ಹೊಸದಲ್ಲ. ಒಂದೇ ಬಾವಿ, ಒಂದೇ ಅಂಗಳ, ಒಬ್ಬರ ಮನೆ ಒಗ್ಗರಣೆ ಎಲ್ಲರ ಮೂಗಿಗೆ. ಆದರೆ ವಠಾರಕ್ಕೆ ಒಬ್ಬ ಮಾಲೀಕ ಇರುತ್ತಿದ್ದ. ಇಲ್ಲಿ ಎಂಟು ಜನ ಮಾಲೀಕರು, ಎಂಟು ಜನಕ್ಕೂ ಎಂಟೆಂಟು ಅಭಿಪ್ರಾಯ. ನಾನು ಬ್ಯಾಂಕಿನಿಂದ ರಿಟೈರ್ ಆದವಳು ಅಂತ ಲೆಕ್ಕ ನನ್ನ ತಲೆಗೆ ಕಟ್ಟಿದರು.

ಜಮೀನು, ಕನ್ವರ್ಷನ್, ಲೈಸೆನ್ಸ್ ಇದಕ್ಕೇ ಒಂದೂವರೆ ವರ್ಷ ಹೋಯಿತು. ಆ ಕತೆ ಬೇಡ ಬಿಡಿ. ಆದರೆ ಅಲೆದಾಟದ ನಡುವೆ ಸಿಕ್ಕಿದ ಬಿಡುವಿನಲ್ಲೇ ನಮ್ಮ ದೊಡ್ಡ ಉಳಿತಾಯ ಆಗಿದ್ದು. ಒಂದು ಇಟ್ಟಿಗೆ ಇಡುವ ಮೊದಲೇ.

ಮೊದಲ ಪ್ಲ್ಯಾನಿನಲ್ಲಿ ಪ್ರತಿ ಮನೆ 13 ಚದರ. ಒಂದು ಚದರ ಅಂದರೆ ನೂರು ಚದರ ಅಡಿ. ಎಂಟು ಮನೆಗೆ 104 ಚದರ. ಆಗ ನಮಗೆ ಸಿಕ್ಕ ರೇಟು ಚದರಕ್ಕೆ ಸುಮಾರು ಎರಡು ಲಕ್ಷ. ಒಂದು ಭಾನುವಾರ ಎಲ್ಲರೂ ಚಾಪೆ ಹಾಕಿಕೊಂಡು ಕೂತು, ಪ್ರತಿ ಕೋಣೆಯ ಪಕ್ಕ ‘ವರ್ಷಕ್ಕೆ ಎಷ್ಟು ದಿನ’ ಅಂತ ಬರೆದೆವು. ಗೆಸ್ಟ್ ರೂಮು ಹೆಚ್ಚೆಂದರೆ ಹದಿನೈದು ದಿನ. ವಾಷಿಂಗ್ ಮಷೀನಿನ ಜಾಗ ದಿನಕ್ಕೆ ಒಂದು ಗಂಟೆ. ದೊಡ್ಡ ಹಾಲು ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ. ಇವನ್ನೆಲ್ಲ ಮನೆಯಿಂದ ತೆಗೆದು ಸಾಮೂಹಿಕ ಮನೆಗೆ ಹಾಕಿದೆವು. ಮನೆ 9 ಚದರಕ್ಕೆ ಇಳಿಯಿತು, ಸಾಮೂಹಿಕ ಮನೆ 12 ಚದರ ಆಯಿತು. ಒಟ್ಟು 84. ಅಂದರೆ 20 ಚದರ ಕಮ್ಮಿ, 40 ಲಕ್ಷ ಕಮ್ಮಿ. ಇಷ್ಟಕ್ಕೆ ಆದ ಖರ್ಚು ಒಂದು ಫ್ಲಾಸ್ಕ್ ಕಾಫಿ.

ಎರಡು ಗೆಸ್ಟ್ ರೂಮು ಎಂಟು ಮನೆಗೆ ಸಾಕು ಅಂತ ಲೆಕ್ಕ ಹಾಕಿದ್ದು ಸರಿಯೇ. ಎಂಟೂ ಮನೆಯ ನೆಂಟರು ದಸರಾಕ್ಕೇ ಬರುತ್ತಾರೆ ಅನ್ನುವುದನ್ನು ಮರೆತಿದ್ದೆವು. ಮೈಸೂರಿನವರಾಗಿ ಇದನ್ನು ಮರೆಯುವುದಾ! ಮೊದಲ ದಸರಾದಲ್ಲಿ ಊಟದ ಹಾಲಿನಲ್ಲಿ ಸಾಲಾಗಿ ಜಮಖಾನ ಹಾಸಿದೆವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮನೆಗಳನ್ನು ಜೋಡಿ ಜೋಡಿಯಾಗಿ ಕಟ್ಟಿದೆವು. ಎರಡು ಮನೆಗೆ ಒಂದೇ ನಡುಗೋಡೆ, ಆ ಗೋಡೆಯ ಎರಡೂ ಬದಿಗೆ ಬಚ್ಚಲು. ಪೈಪು, ಚೇಂಬರ್ ಎಲ್ಲ ಒಂದೇ ಕಡೆ. ನಕ್ಷೆ ಒಂದೇ. ಪಕ್ಕದ ಮನೆಗೆ ಅದನ್ನೇ ತಿರುಗಿಸಿದ್ದು. ‘ಎಲ್ಲ ಮನೆ ಒಂದೇ ಥರ ಆದ್ರೆ ಕ್ವಾರ್ಟರ್ಸ್ ಥರ ಕಾಣ್ಸಲ್ವಾ?’ ಅಂತ ಒಬ್ಬರು ತುಂಬ ಬೇಜಾರು ಮಾಡಿಕೊಂಡರು. ಕಾಣುತ್ತೆ, ನಿಜ. ಆದರೆ ಮೂರನೇ ಜೋಡಿ ಕಟ್ಟುವ ಹೊತ್ತಿಗೆ ನಮ್ಮ ಮೇಸ್ತ್ರಿ ಡ್ರಾಯಿಂಗ್ ನೋಡುವುದನ್ನೇ ಬಿಟ್ಟಿದ್ದರು. ಕೆಲಸ ಅಷ್ಟು ಓಡಿತು, ತಪ್ಪೂ ಕಮ್ಮಿಯಾಯಿತು. ಶಬ್ದದ ವಿಷಯ ಬೇರೆ. ಪಕ್ಕದ ಮನೆಯ ಕುಕ್ಕರ್ ವಿಷಲ್ ಎಣಿಸಿ ನಾನು ನನ್ನ ಅನ್ನ ಇಳಿಸಿದ್ದೂ ಉಂಟು.

ಕಾರು ಗೇಟಿನ ಹತ್ತಿರವೇ ನಿಲ್ಲುತ್ತದೆ. ಮನೆಮನೆಗೆ ರಸ್ತೆ ಇಲ್ಲ, ಕಾಲುದಾರಿ ಅಷ್ಟೇ. ಮಂಡಿನೋವಿನವರು ಒಪ್ಪಲಿಲ್ಲ. ಕೊನೆಗೆ ಆಂಬುಲೆನ್ಸ್ ಒಳಗೆ ಬರುವಷ್ಟು ಅಗಲ ಬಿಟ್ಟು, ಸಿಲಿಂಡರಿಗೆ ಒಂದು ತಳ್ಳುಗಾಡಿ ಕೊಡಿಸಿದ ಮೇಲೆ ‘ಹೂಂ’ ಅಂದರು.

ಮಣ್ಣಿಗೆ ಬರುತ್ತೇನೆ. ಪಾಯದ ಗುರುತು ಹಾಕುವ ಮೊದಲು ಜೆಸಿಬಿ ತರಿಸಿ ಆರು ಕಡೆ ಗುಂಡಿ ತೆಗೆಸಿದೆವು. ಐದು ಕಡೆ ಕೆಂಪು ಮಣ್ಣು, ಎರಡು ಮೂರು ಅಡಿಗೇ ಗಟ್ಟಿ ನೆಲ. ಆಗ್ನೇಯ ಮೂಲೆಯಲ್ಲಿ ಮಾತ್ರ ಕಪ್ಪು ಎರೆಮಣ್ಣು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇಲೆ ಕಟ್ಟಿದ ಗೋಡೆಯೂ ಅದರ ಜೊತೆ ಏರಿಳಿದು ಬಿರುಕು ಬಿಡುತ್ತದೆ. ಅಲ್ಲಿ ಕಟ್ಟಬೇಕಾದರೆ ಆಳಕ್ಕೆ ಹೋಗಬೇಕು, ಪೈಲ್ ಅಂತ ನೆಲದೊಳಗೆ ಕಂಬ ಇಳಿಸಬೇಕು. ನಮ್ಮ ನಕ್ಷೆಯಲ್ಲಿ ಸರಿಯಾಗಿ ಅದೇ ಮೂಲೆಯಲ್ಲಿ ಒಂದು ಜೋಡಿ ಮನೆ ಕೂತಿತ್ತು. ಅದನ್ನು ಈಚೆಗೆ ತಂದು, ಆ ಮೂಲೆಯನ್ನು ಬಚ್ಚಲ ನೀರು ಸೋಸುವ ತೊಟ್ಟಿಗೆ, ಬಾಳೆಗೆ, ಕಾಬಾಳೆಗೆ ಬಿಟ್ಟೆವು. ಜೆಸಿಬಿ ಬಾಡಿಗೆ ಒಂದು ದಿನದ್ದು. ಪಾಯ ತೆಗೆದ ಮೇಲೆ ಈ ಮಣ್ಣು ಸಿಕ್ಕಿದ್ದರೆ ಎಷ್ಟಾಗುತ್ತಿತ್ತು ಅಂತ ಕೇಳಬೇಡಿ.

ಗೋಡೆಗೆ ಮಣ್ಣಿನ ಬ್ಲಾಕು. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ‘ಅಸ್ತ್ರ’ ಅಂತ ಒಂದು ಕೇಂದ್ರ ಶುರುವಾಯಿತು. ಅಲ್ಲಿಯವರು ವರ್ಷಗಟ್ಟಲೆ ಕೆಲಸ ಮಾಡಿ ಪಳಗಿಸಿದ ವಿಧಾನ ಇದು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರು ಹಾಕಿ ಹದ ಮಾಡುವುದು. ಭಟ್ಟಿ ಬೇಡ, ಸೌದೆ ಬೇಡ. ಮೊದಲು ಗಾಜಿನ ಜಾಡಿಯಲ್ಲಿ ಮಣ್ಣು, ನೀರು ಹಾಕಿ ಅಲ್ಲಾಡಿಸಿ ಇಟ್ಟೆವು. ಮರಳು ತಳಕ್ಕೆ ಕೂರುತ್ತದೆ, ಜೇಡಿ ಮೇಲೆ ನಿಲ್ಲುತ್ತದೆ. ನಮ್ಮದರಲ್ಲಿ ಜೇಡಿ ಜಾಸ್ತಿ. ಅದಕ್ಕೆ ಕ್ವಾರಿ ಡಸ್ಟ್ (ಕಲ್ಲುಪುಡಿ) ಸೇರಿಸಿ, ನೂರಕ್ಕೆ ಏಳು ಪಾಲು ಸಿಮೆಂಟ್ ಹಾಕಿದೆವು. ಮಣ್ಣು ಮಳೆನೀರಿನ ತೊಟ್ಟಿ ತೋಡಿದ ಜಾಗದ್ದೇ.

ಇದರಿಂದ ಎಷ್ಟು ಉಳಿಯಿತು? ಜನ ಅಂದುಕೊಳ್ಳುವಷ್ಟು ಇಲ್ಲ. ಯಂತ್ರದ ಬಾಡಿಗೆ, ಕೂಲಿ, ಮುರಿದ ಬ್ಲಾಕು ಎಲ್ಲ ಸೇರಿಸಿದರೆ ಗೋಡೆಯ ಖರ್ಚು ಇಟ್ಟಿಗೆಯದಕ್ಕಿಂತ ತೀರಾ ಕಮ್ಮಿಯೇನೂ ಅಲ್ಲ. ಈ ಗೋಡೆಗೆ ಪ್ಲಾಸ್ಟರ್ ಮಾಡದೆ ಹಾಗೇ ಬಿಟ್ಟೆವು. ಉಳಿದದ್ದು ಪ್ಲಾಸ್ಟರಿನ ದುಡ್ಡು, ಪೇಂಟಿನ ದುಡ್ಡು. ಅದರಲ್ಲೂ ಒಂದು ಪಾಲು ಕೆಲಸದವರ ಕೈಗೆ ಹೋಯಿತು, ಯಾಕೆಂದರೆ ಈ ಗೋಡೆ ನಿಧಾನ. ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: ‘ಪ್ಲಾಸ್ಟರ್ ಇದ್ರೆ ನಮ್ ತಪ್ಪೆಲ್ಲ ಮುಚ್ಕೊಂಡೋಗುತ್ತೆ ಅಮ್ಮಾವ್ರೇ. ಇದ್ರಲ್ಲಿ ಹೊತ್ತಾರೆ ಮಾಡಿದ್ ತಪ್ಪು ಸಂಜೆಗೂ ಕಾಣ್ಸುತ್ತೆ.’

ಅವರು ಹೇಳಿದ್ದು ಅವರ ತಪ್ಪಿನ ಬಗ್ಗೆ. ನಮ್ಮ ತಪ್ಪೂ ಹಾಗೇ ಕಾಣುತ್ತದೆ ಅಂತ ಆಮೇಲೆ ಗೊತ್ತಾಯಿತು. ಮಾಮೂಲಿ ಮನೆಯಲ್ಲಿ ಸ್ವಿಚ್‌ಬೋರ್ಡ್ ಆಚೆ ಈಚೆ ಆದರೆ ಗೋಡೆ ಕೊರೆದು ಪೈಪು ಹೂತು ಮೆತ್ತಿಬಿಡುತ್ತಾರೆ. ಇಲ್ಲಿ ಕೊರೆದರೆ ಗಾಯ ಹಾಗೇ ಉಳಿಯುತ್ತದೆ. ಮೆತ್ತಿದರೆ ತೇಪೆ. ಗೋಡೆ ಏಳುವ ಮೊದಲೇ ಫ್ಯಾನು, ಗೀಸರ್, ಮಿಕ್ಸಿ, ಮೊಬೈಲ್ ಚಾರ್ಜರ್ ಎಲ್ಲದರ ಜಾಗ ಗೊತ್ತಿರಬೇಕು. ಮೊದಲ ಜೋಡಿ ಮನೆಯಲ್ಲಿ ಗೊತ್ತಿರಲಿಲ್ಲ. ಗೋಡೆ ಒಡೆದು ಕಟ್ಟಿದ್ದು ಮೂರು ಸಲ. ನನ್ನ ಕಿಟಕಿ ಆದದ್ದು ಎರಡನೇ ಜೋಡಿಯಲ್ಲಿ. ಒಡೆದದ್ದು, ಲಿಂಟಲ್ ಹೊಸದಾಗಿ ಹಾಕಿದ್ದು, ಸಿಂಕಿನ ಪೈಪು, ಕಡಪ ಕಲ್ಲಿನ ಕಟ್ಟೆ, ಇಬ್ಬರು ಗಾರೆಯವರ ನಾಲ್ಕು ದಿನ, ಎಲ್ಲ ಸೇರಿ 23,400.

ಆ ಶನಿವಾರ ಬಟವಾಡೆ ಮುಗಿಸಿ ಕೂತಾಗ ಒಂದು ಕಟ್ಟುಪಾಡು ಮಾಡಿದೆವು. ಇಂಥ ತಾರೀಖಿನ ಒಳಗೆ ಎಲ್ಲ ತೀರ್ಮಾನ ಮುಗಿಯಬೇಕು. ಆಮೇಲೆ ಯಾರಿಗೆ ಏನು ಬದಲಾವಣೆ ಬೇಕಾದರೂ ಒಂದು ಪುಸ್ತಕದಲ್ಲಿ ಬರೆಯಬೇಕು. ಮೇಸ್ತ್ರಿಯ ಹತ್ತಿರ ನೇರವಾಗಿ ಹೇಳುವ ಹಾಗಿಲ್ಲ. ಮೇಸ್ತ್ರಿ ಪಕ್ಕದಲ್ಲಿ ರೇಟು ಹೇಳುತ್ತಾರೆ, ನಾನು ಬರೆಯುತ್ತೇನೆ. ಮುಂದಿನ ಶನಿವಾರದೊಳಗೆ ಆ ಮನೆಯವರು ದುಡ್ಡು ಕಟ್ಟಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಆಮೇಲಿನ ತಿಂಗಳುಗಳಲ್ಲಿ ಪುಸ್ತಕಕ್ಕೆ 46 ಆಸೆಗಳು ಬಂದವು. ರೇಟು ನೋಡಿದ ಮೇಲೆ ಉಳಿದದ್ದು ಏಳು. ಯಾರಿಗೂ ನಾನು ‘ಬೇಡ’ ಅನ್ನಬೇಕಾಗಲಿಲ್ಲ. ಜಗಳ ಉಳಿಸಿದ್ದು ಆ ಪುಸ್ತಕವೇ.

ಸೂರಿಗೆ ಹೆಂಚು ಹೂತ ಮೋಲ್ಡ್ ಹಾಕಿಸಿದೆವು, ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ಥರದ್ದು. ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಸೂರಿನ ಕೆಳಭಾಗದಲ್ಲಿ ಬರುವ ಎಳೆತವನ್ನು ಹೊರುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟ್ ಸುಮ್ನೆ ಭಾರ. ಅದರ ಜಾಗದಲ್ಲಿ ಮಂಗಳೂರು ಹೆಂಚು ಎರಡೆರಡು ಬೋರಲು ಜೋಡಿಸಿದರೆ ಸಿಮೆಂಟ್, ಜಲ್ಲಿ ಎರಡೂ ಉಳಿಯುತ್ತವೆ, ಮನೆಯೂ ಸ್ವಲ್ಪ ತಂಪು. ಮೈಸೂರಿನ ಹಳೇ ಮನೆಗಳನ್ನು ಕೆಡವುವ ಕಡೆ ಹೆಂಚು ಸಿಕ್ಕವು. ಆದರೆ ಇದಕ್ಕೆ ಇಂಜಿನಿಯರ್ ಲೆಕ್ಕ ಹಾಕಿಕೊಡಲೇಬೇಕು. ಯಾರೋ ಮಾಡಿದ್ದಾರೆ ಅಂತ ಕಣ್ಣಳತೆಯಲ್ಲಿ ಮಾಡುವ ಕೆಲಸ ಅಲ್ಲ.

ಅದೇ ಹುರುಪಿನಲ್ಲಿ ಹಳೇ ಬಾಗಿಲು, ಕಿಟಕಿಗಳನ್ನೂ ತಂದೆವು. ತೇಗದ್ದು, ನೋಡಲು ಎಷ್ಟು ಚಂದ! ಒಂದೊಂದೂ ಒಂದೊಂದು ಅಳತೆ. ಬಡಗಿ ಕೆತ್ತಿ, ಸೇರಿಸಿ, ಕೂರಿಸುವ ಹೊತ್ತಿಗೆ ಹೊಸದರಷ್ಟೇ ಆಯಿತು. ಬಾಗಿಲು ಮೊದಲು ಕೊಂಡು, ಅದರ ಅಳತೆಗೆ ಗೋಡೆಯಲ್ಲಿ ಜಾಗ ಬಿಡಬೇಕಿತ್ತು. ನಾವು ಗೋಡೆ ಕಟ್ಟಿ ಬಾಗಿಲು ಹುಡುಕಿದೆವು.

ಕಬ್ಬಿಣದ ಕತೆ ಇನ್ನೂ ಕೆಟ್ಟದ್ದು. 2022ರ ಮಾರ್ಚ್, ಏಪ್ರಿಲಿನಲ್ಲಿ ಯುಕ್ರೇನ್ ಯುದ್ಧದ ಹೊತ್ತಿಗೆ ಕಬ್ಬಿಣದ ರೇಟು ದಿಢೀರನೆ ಏರಿತು. ಇನ್ನೂ ಏರುತ್ತೆ ಅಂತ ಹೆದರಿ ಬೇಕಾದದ್ದನ್ನೆಲ್ಲ ಒಟ್ಟಿಗೆ ಕೊಂಡು ಟಾರ್ಪಾಲ್ ಹೊದಿಸಿಟ್ಟೆವು. ಮೇ ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಿತು, ರೇಟು ಇಳಿಯಿತು. ಆ ವರ್ಷದ ಮಳೆಯೂ ಹಾಗೇ ಸುರಿಯಿತು. ಶೆಡ್ಡಿನಲ್ಲಿದ್ದ 30 ಮೂಟೆ ಸಿಮೆಂಟ್ ಕಲ್ಲಾಯಿತು. ಅದರ ಮೇಲೆ ಈಗ ಹಾಲಿನವನು ಸೈಕಲ್ ಒರಗಿಸುತ್ತಾನೆ.

ಲೇಬರ್ ಕಂಟ್ರಾಕ್ಟ್ ಮೇಸ್ತ್ರಿಯದು, ಸಾಮಾನು ನಮ್ಮದು. ಟಿಪ್ಪರ್ ಬಂದಾಗಲೆಲ್ಲ ಟೇಪ್ ಹಿಡಿದು ಅಳೆಯಬೇಕು. ಮೊದಲ ತಿಂಗಳು ಅಳೆಯದೆ ಎಂ-ಸ್ಯಾಂಡಿನಲ್ಲಿ (ಕಲ್ಲು ಒಡೆದು ಮಾಡಿದ ಮರಳು) ಮೋಸ ಹೋದೆವು. ಅಳೆಯಲು ಶುರು ಮಾಡಿದ ಮೇಲೆ ಲೋಡು ತಾನಾಗಿ ತುಂಬಿ ಬರತೊಡಗಿತು.

ಮಳೆನೀರಿನ ತೊಟ್ಟಿಯಲ್ಲಿ ಮಾತ್ರ ಆಸೆಗೆ ಸರಿಯಾದ ಹೊತ್ತಿಗೆ ಕಡಿವಾಣ ಹಾಕಿದೆವು. ಮೈಸೂರಿನ ಕಡೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ನಮ್ಮ 84 ಚದರ ಸೂರಿನಿಂದ ಸೋರಿಕೆ ಕಳೆದರೂ ಐದು ಲಕ್ಷ ಲೀಟರಿನ ಹತ್ತಿರ ಸಿಗಬಹುದು. ಎಲ್ಲವನ್ನೂ ಹಿಡಿದಿಡಬೇಕು ಅಂತ ಎರಡು ಲಕ್ಷ ಲೀಟರಿನ ತೊಟ್ಟಿ ಕೇಳಿದವರಿದ್ದರು. ರೇಟು ಬರೆದೆವು. 50 ಸಾವಿರ ಲೀಟರಿನ ತೊಟ್ಟಿಗೆ ಒಪ್ಪಿದರು. ಮಿಕ್ಕಿದ್ದು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಹೋಗುತ್ತದೆ.

ಒಂದು ಕೋಟಿ 68 ಲಕ್ಷ ಅಂದುಕೊಂಡದ್ದು ಒಂದು ಕೋಟಿ 81 ಲಕ್ಷಕ್ಕೆ ನಿಂತಿತು. ಮೇಲಿನ 13 ಲಕ್ಷದಲ್ಲಿ ಕಬ್ಬಿಣ, ಬಾಗಿಲು, ಒಡೆದು ಕಟ್ಟಿದ್ದೇ ದೊಡ್ಡ ಪಾಲು. 2023ರ ದಸರಾ ಹೊತ್ತಿಗೆ ಎಲ್ಲರೂ ಬಂದು ಸೇರಿದೆವು. ಕಾಂಪೌಂಡ್ ಇನ್ನೂ ಇಲ್ಲ. ಮೂರು ಕಡೆ ಗೊಬ್ಬರದ ಗಿಡದ ಬೇಲಿ ಎದ್ದಿದೆ. ನಾಲ್ಕನೇ ಕಡೆಗೆ ಗೋಡೆಯಾ, ಗಿಡವಾ ಅಂತ ಭಾನುವಾರ ಮೀಟಿಂಗ್ ಇದೆ. ಪುಸ್ತಕದಲ್ಲಿ ಗೋಡೆಯ ರೇಟು ಆಗಲೇ ಬರೆದಿಟ್ಟಿದ್ದೇನೆ.