ನೊಣದ ಬೆನ್ನು ನೋಡಿ ‘ನಾಚ್’ ಅರ್ಥ ಮಾಡಿಕೊಳ್ಳುವುದು ಹೇಗೆ?

ಕ್ಯಾನ್ಸರ್ ಜೀನ್ ಪರೀಕ್ಷೆಯ ರಿಪೋರ್ಟ್‌ಗಳಲ್ಲಿ ಈಗೀಗ ‘ನಾಚ್1’ ಅನ್ನುವ ಜೀನಿನ ಹೆಸರು ಕಾಣಿಸುತ್ತದೆ. ಮೊಬೈಲಲ್ಲಿ ಹುಡುಕಿದರೆ ಒಂದು ಕಡೆ ಇದು ಕ್ಯಾನ್ಸರ್ ತರುತ್ತದೆ ಅಂತ ಇರುತ್ತದೆ, ಇನ್ನೊಂದು ಕಡೆ ತಡೆಯುತ್ತದೆ ಅಂತ. ಎರಡೂ ನಿಜವೇ. ಅದು ಹೇಗೆ ಅಂತ ಗೊತ್ತಾಗಬೇಕಾದರೆ ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಒಂದು ನೊಣ ಹಿಡಿಯಿರಿ. ತಮಾಷೆ ಅಲ್ಲ.

ಹೆಜ್ಜೆ 1: ನೊಣ ಹಿಡಿಯುವುದು

ನಂಜನಗೂಡು ರಸಬಾಳೆ ಸಿಕ್ಕರೆ ನೀವೇ ತಿನ್ನಿ, ನೊಣಕ್ಕೆ ಕಪ್ಪಾದ ಪಚ್ಚಬಾಳೆ ಸಾಕು. ಗಾಜಿನ ಲೋಟಕ್ಕೆ ಒಂದು ತುಂಡು ಹಾಕಿ, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿ, ತುದಿಯಲ್ಲಿ ಸಣ್ಣ ತೂತು ಬಿಡಿ. ಒಂದೆರಡು ದಿನದಲ್ಲಿ ಕೆಂಪು ಕಣ್ಣಿನ ಪುಟ್ಟ ನೊಣಗಳು ಒಳಗಿರುತ್ತವೆ. ಬಾಯಿ ಮುಚ್ಚಿ ಫ್ರೀಜರ್‌ನಲ್ಲಿಡಿ, ಅಲ್ಲಾಡುವುದು ನಿಂತ ತಕ್ಷಣ ತೆಗೆದು ಬಿಳಿ ಹಾಳೆಯ ಮೇಲೆ ಉದುರಿಸಿ. ಜಾಸ್ತಿ ಹೊತ್ತು ಬಿಟ್ಟರೆ ಸತ್ತೇ ಹೋಗುತ್ತವೆ.

ಇದೇ ಡ್ರೊಸೋಫಿಲಾ, ಜೀನ್ ವಿಜ್ಞಾನಿಗಳು ಸಾಕುವ ಹಣ್ಣಿನ ನೊಣ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇವುಗಳ ತಳಿಗಳನ್ನು ಕಾಪಾಡುವ ಸ್ಟಾಕ್ ಸೆಂಟರ್ರೇ ಇದೆ. ಅಲ್ಲಿ ನೊಣಗಳಿಗೆ ಹಾಕುವ ಊಟ ರವೆ, ಬೆಲ್ಲ, ಅಗಾರ್ ಸೇರಿಸಿ ಕುದಿಸಿದ ಗಂಜಿ. ನಮ್ಮ ಕಡೆಯ ನೊಣಕ್ಕೆ ಬೆಲ್ಲ ಸಿಗದೆ ಇರುತ್ತದೆಯೇ!

ಹೆಜ್ಜೆ 2: ಬೆನ್ನು ನೋಡುವುದು

10 ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್ ಅಥವಾ ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು. ಬೆನ್ನಿನ ತುಂಬ ಕಪ್ಪು ಕೂದಲು ಕಾಣುತ್ತವೆ. ಹಿಂತುದಿಯ ತ್ರಿಕೋನದಂಥ ಜಾಗದಲ್ಲಿ ದೊಡ್ಡವು 4, ಬೆನ್ನಿನ ಉಳಿದ ಕಡೆ ಹೆಚ್ಚಿನವು ಚಿಕ್ಕವು, ಸಾಲಾಗಿ. ಈಗ ಕೂದಲು ಬಿಟ್ಟು ನಡುವಿನ ಜಾಗ ನೋಡಿ. ಎರಡು ಕೂದಲು ಒಂದಕ್ಕೊಂದು ಅಂಟಿಕೊಂಡು ಹುಟ್ಟಿಲ್ಲ, ಅಲ್ವಾ? ಅದೇ ನಾಚ್ ಕೆಲಸ.

ಪ್ರತಿ ಕೂದಲೂ ಒಂದು ಸ್ಪರ್ಶೇಂದ್ರಿಯ. ಶುರುವಿನಲ್ಲಿ ಆ ಜಾಗದ ಹಲವು ಜೀವಕೋಶಗಳಿಗೆ ಕೂದಲಾಗುವ ಅವಕಾಶ ಇರುತ್ತದೆ. ಅದರಲ್ಲಿ ಒಂದು ಸ್ವಲ್ಪ ಮುಂದೆ ಹೋದರೆ, ಒಂದೇ ಬೀದಿಯಲ್ಲಿ ಮೊದಲು ಹೋಟೆಲ್ ಇಟ್ಟವನು ಪಕ್ಕದವನಿಗೆ ‘ನೀನು ಬೇರೆ ಏನಾದ್ರೂ ಮಾಡ್ಕೋ’ ಅಂದ ಹಾಗೆ, ಸುತ್ತಲಿನವುಗಳನ್ನು ತಡೆದುಬಿಡುತ್ತದೆ. ಅವು ಸಾಮಾನ್ಯ ಚರ್ಮವಾಗಿ ಉಳಿಯುತ್ತವೆ. ನಾಚ್ ಪೂರ್ತಿ ಇಲ್ಲದ ನೊಣದ ಭ್ರೂಣದಲ್ಲಿ ಈ ತಡೆಯೇ ಇರುವುದಿಲ್ಲ. ಚರ್ಮವಾಗಬೇಕಾದ ಕೋಶಗಳೂ ನರಕೋಶಗಳಾಗಿ ಭ್ರೂಣ ಸಾಯುತ್ತದೆ. 1914ರಲ್ಲಿ ಜಾನ್ ಡೆಕ್ಸ್ಟರ್ ಅಮೆರಿಕದಲ್ಲಿ ಮೊದಲು ಗಮನಿಸಿದ್ದು ಮಾತ್ರ ರೆಕ್ಕೆಯ ಅಂಚಿನ ಕಚ್ಚು. ಇಂಗ್ಲಿಷಿನಲ್ಲಿ ‘ನಾಚ್’ ಅಂದರೆ ಕಚ್ಚು, ಹೆಸರು ಬಂದದ್ದು ಅದರಿಂದಲೇ. ನಿಮ್ಮ ಲೋಟದಲ್ಲಿ ಅಂಥ ನೊಣ ಸಿಗುತ್ತದೆ ಅಂತ ಕಾಯಬೇಡಿ.

ಹೆಜ್ಜೆ 3: ಒಳಗೆ ನಡೆಯುವುದನ್ನು ನಿಧಾನವಾಗಿ ಓದುವುದು

ನಾಚ್ ಅಂದರೆ ಕೋಶದ ಮೈಮೇಲೆ ಅರ್ಧ ಹೊರಗೆ, ಅರ್ಧ ಒಳಗೆ ಚಾಚಿಕೊಂಡ ಪ್ರೋಟೀನ್. ಮನುಷ್ಯರಲ್ಲಿ 4 ಬಗೆ, ರಿಪೋರ್ಟಿನ ನಾಚ್1 ಅದರಲ್ಲೊಂದು. ಅದನ್ನು ಮುಟ್ಟುವ ಡೆಲ್ಟಾ, ಜ್ಯಾಗ್ಡ್ ಅನ್ನುವ ಪ್ರೋಟೀನ್‌ಗಳೂ ಪಕ್ಕದ ಕೋಶದ ಮೈಮೇಲೇ ಇರುತ್ತವೆ. ಹಾಗಾಗಿ ಮೈಗೆ ಮೈ ತಾಗಿದ ಕೋಶಗಳ ನಡುವೆಯೇ ಈ ಮಾತುಕತೆ.

ಡೆಲ್ಟಾ ಹಿಡಿದುಕೊಂಡ ಮೇಲೆ ಪಕ್ಕದ ಕೋಶ ಅದನ್ನು ತನ್ನೊಳಗೆ ಎಳೆಯುತ್ತದೆ. ಎಳೆದಾಗ ನಾಚ್‌ನಲ್ಲಿ ಮುಚ್ಚಿಕೊಂಡಿದ್ದ ಒಂದು ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ಆಡಮ್10 ಅನ್ನುವ ಕಿಣ್ವ ಕತ್ತರಿಸುತ್ತದೆ, ಆಮೇಲೆ ಗಾಮಾ-ಸೆಕ್ರಿಟೇಸ್ ಇನ್ನೊಮ್ಮೆ ಕತ್ತರಿಸುತ್ತದೆ. ಬಿಡುಗಡೆಯಾದ ಒಳತುಂಡು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ನಡುವೆ ದಲ್ಲಾಳಿಗಳಿಲ್ಲ. ಒಮ್ಮೆ ಕತ್ತರಿಸಿದ ನಾಚ್ ಮತ್ತೆ ಬಳಕೆಗೆ ಬರುವುದಿಲ್ಲ. ಅದಕ್ಕೇ ಪ್ರಮಾಣ ಸ್ವಲ್ಪ ಏರುಪೇರಾದರೂ ತೊಂದರೆ: ಜ್ಯಾಗ್ಡ್1 ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಮಗುವಿನ ಯಕೃತ್ತಿನಲ್ಲಿ ಪಿತ್ತನಾಳಗಳು ಕಮ್ಮಿಯಾಗಿ, ಹೃದಯಕ್ಕೂ ತೊಂದರೆ ಕೊಡುವ ಅಲಾಜೀಲ್ ಸಿಂಡ್ರೋಮ್ ಬರಬಹುದು.

ಹೆಜ್ಜೆ 4: ‘ಯಾವ ಕೋಶ?’ ಅಂತ ಕೇಳುವುದು

ಚಾಲೂ ಆದ ಜೀನ್‌ಗಳು ಏನು ಹೇಳುತ್ತವೆ ಅನ್ನುವುದು ಕೋಶದ ಮೇಲೆ ನಿಂತಿದೆ. ರಕ್ತದಲ್ಲಿ ಎಳೆಯ ಕೋಶ ಟಿ-ಕೋಶವಾಗಲು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ನಾಚ್ ಬೇಕು. ಅಲ್ಲಿ ಅದು ಆರದೆ ಉರಿಯುತ್ತಲೇ ಇದ್ದರೆ ಕೋಶಗಳು ಬೆಳೆಯುತ್ತಲೇ ಹೋಗುತ್ತವೆ. ಮಕ್ಕಳಲ್ಲೂ ಯುವಕರಲ್ಲೂ ಕಾಣುವ ಟಿ-ಕೋಶದ ತೀವ್ರ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ನಾಚ್1 ಹೀಗೆ ಚುರುಕಾಗಿರುತ್ತದೆ ಅಂತ 2004ರಲ್ಲಿ ತಿಳಿಯಿತು.

ಚರ್ಮದಲ್ಲೂ ಬಾಯಿಯ ಒಳಪದರದಲ್ಲೂ ಕತೆ ಉಲ್ಟಾ. ಅಲ್ಲಿ ನಾಚ್ ‘ವಿಭಜನೆ ಸಾಕು, ಬಲಿತುಕೊ’ ಅನ್ನುತ್ತದೆ. ಅದು ಕೆಟ್ಟರೆ ಕಡಿವಾಣ ಹೋದಂತೆ. 2011ರಲ್ಲಿ ಕೆಲವು ತಲೆ-ಕುತ್ತಿಗೆ ಕ್ಯಾನ್ಸರ್‌ಗಳಲ್ಲಿ (ಬಾಯಿ ಕ್ಯಾನ್ಸರೂ ಈ ಗುಂಪಿನದೇ) ನಾಚ್1 ಕೆಟ್ಟುಹೋಗಿರುವುದು ಸಿಕ್ಕಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ, ಎಲೆಅಡಿಕೆ ಜೊತೆ ಅದನ್ನೇ ಜಗಿಯುವ ನಮ್ಮ ಮೈಸೂರು ಜಿಲ್ಲೆಗೆ ಈ ಸಾಲು ಜಾಸ್ತಿ ಮುಖ್ಯ.

ಹಾಗಾದರೆ ನಾಚ್ ಆರಿಸುವ ಮಾತ್ರೆ ಕೊಟ್ಟರೆ? ಕೊಟ್ಟು ನೋಡಿದ್ದಾರೆ. ನಾಚ್ ಕತ್ತರಿಸುವ ಗಾಮಾ-ಸೆಕ್ರಿಟೇಸನ್ನು ತಡೆದು ನಾಚನ್ನೂ ಆರಿಸುವ ಸೆಮಗಾಸೆಸ್ಟಾಟ್ ಅನ್ನುವ ಮದ್ದನ್ನು ಆಲ್ಜೈಮರ್ ರೋಗಕ್ಕೆ ಪ್ರಯೋಗಿಸಿದರು. ಮರೆವು ಕಮ್ಮಿಯಾಗಲಿಲ್ಲ, ಚರ್ಮದ ಕ್ಯಾನ್ಸರ್ ಹೆಚ್ಚಾಯಿತು, 2010ರಲ್ಲಿ ನಿಲ್ಲಿಸಿದರು. ಇಂಥ ಮದ್ದುಗಳಿಂದ ಕರುಳಿನಲ್ಲಿ ಲೋಳೆ ಕೋಶಗಳು ಹೆಚ್ಚಾಗಿ ಭೇದಿಯೂ ಆಗುತ್ತದೆ. ಆದರೂ ಅದೇ ಗುಂಪಿನ ನಿರೋಗಾಸೆಸ್ಟಾಟ್‌ಗೆ ಡೆಸ್ಮಾಯಿಡ್ ಅನ್ನುವ, ದೇಹದ ಬೇರೆ ಕಡೆಗೆ ಹರಡದ ಗೆಡ್ಡೆಗಾಗಿ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ಹೆಜ್ಜೆ 5: ರಿಪೋರ್ಟ್ ತೆರೆಯುವುದು

ಈಗ ಡಾಕ್ಟರ್ ಹತ್ತಿರ ಹೋಗಿ ಇಷ್ಟು ಕೇಳಿ. ಈ ಬದಲಾವಣೆಯಿಂದ ನಾಚ್ ಚುರುಕಾಗಿದೆಯಾ, ಕೆಟ್ಟಿದೆಯಾ? ಇದು ಗೆಡ್ಡೆಯಲ್ಲಿ ಮಾತ್ರ ಇದೆಯಾ, ಹುಟ್ಟಿನಿಂದ ಮೈಯೆಲ್ಲ ಇದೆಯಾ? ಎರಡನೆಯದಾದರೆ ಮನೆಯ ಬೇರೆಯವರಿಗೂ ಪರೀಕ್ಷೆ ಬೇಕಾಗಬಹುದು. ‘ಮಹತ್ವ ಇನ್ನೂ ಖಚಿತವಿಲ್ಲ’ ಅನ್ನುವ ಅರ್ಥದ ಷರಾ ಇದ್ದರೆ ಆ ಸಾಲಿನ ಮೇಲೆ ಯಾವ ಚಿಕಿತ್ಸೆಯೂ ಶುರುವಾಗುವುದಿಲ್ಲ, ನೀವೂ ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.